ಮೊದಲ ಪರದೆಗೆ ಮೊದಲ ಮಣೆ ಹಾಕಿ

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕಳೆದ ಇಪ್ಪತ್ತು ವರ್ಷಗಳಲ್ಲಿ ಕನ್ನಡದ ಕಚೇರಿ ನುಡಿಗಟ್ಟೇ ಆಗಿಹೋಗಿದೆ. ನಾಡಕಚೇರಿಯಲ್ಲಿ ಅದೇ, ಗ್ರಾಮ ಒನ್ ಕೇಂದ್ರದಲ್ಲಿ ಅದೇ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲೂ ಅದೇ. ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಆ ಮಾತು ಹೇಳಲು ಗುಮಾಸ್ತರೂ ಬೇಕಿಲ್ಲ, ಬೆಳ್ಳನೆಯ ಪರದೆಯೇ ಹೇಳುತ್ತದೆ. ಪಹಣಿ ನೋಡಬೇಕೆಂದು ಬೆರಳೊತ್ತಿದರೆ ಮೇಲೊಂದು ನೀಲಿ ಗೆರೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ಕೆಳಗೆಲ್ಲ ಖಾಲಿ. ಜನ ಅದಕ್ಕೂ ‘ಸರ್ವರ್ ಇಲ್ಲ’ ಎಂದೇ ಹೆಸರಿಟ್ಟಿದ್ದಾರೆ. ಆದರೆ ಎಷ್ಟೋ ಸಲ ಸರ್ವರ್ ಇದೆ, ಎಚ್ಚರವಾಗಿಯೇ ಇದೆ, ಕೇಳಿದ್ದನ್ನು ಕಳಿಸಿಯೂ ಆಗಿದೆ. ಅಕ್ಷರಗಳು ಫೋನಿನೊಳಗೆ ಬಂದು ಕೂತಿವೆ. ಅವುಗಳ ಬಣ್ಣ, ಗಾತ್ರ, ಜಾಗ ಹೇಳುವ ಇನ್ನೊಂದು ಕಡತ ಬರಲಿ ಎಂದು ಬ್ರೌಸರು ಅವನ್ನು ತೋರಿಸದೆ ಹಿಡಿದಿಟ್ಟುಕೊಂಡಿದೆ. ಈ ಕಾಯುವಿಕೆ ಪುಟ ಕಟ್ಟುವವರ ಅಭ್ಯಾಸದಿಂದ ಬಂದದ್ದು. ಅದನ್ನು ತೆಗೆಯಲು ಹೊಸ ಟವರು ಬೇಡ, ಹೊಸ ಯಂತ್ರ ಬೇಡ, ಜನರ ಫೋನು ಬದಲಾಗಬೇಕಿಲ್ಲ. ಪುಟದ ಮೊದಲ ಪರದೆಗೆ ಬೇಕಾದಷ್ಟು ಅಲಂಕಾರದ ಸೂಚನೆಯನ್ನು ಪುಟದೊಳಗೇ ಬರೆದು ಕಳಿಸಿದರೆ ಸಾಕು. ಸಾರ್ವಜನಿಕ ಸೇವೆಯ ಪ್ರತಿಯೊಂದು ಕನ್ನಡ ಪುಟಕ್ಕೂ ಇದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ.

ಈ ಮಾತಿಗೆ ಈಗ ಒಂದು ಸಂದರ್ಭವೂ ಒದಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹುಟ್ಟಿದ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ 22ರಂದು ಒಪ್ಪಿಗೆ ಕೊಟ್ಟಿತು. ಜಿಲ್ಲಾ ಕೇಂದ್ರವಾಗಿ ರಾಮನಗರವೇ ಉಳಿದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈಚೆಗೆ ತಾಲ್ಲೂಕಾದ ಹಾರೋಹಳ್ಳಿ ಎಲ್ಲ ಹಾಗೇ ಇವೆ. ಹೆಸರು ಬದಲಾದದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆಯದು, ಅದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಆದರೆ ಹೆಸರು ಬದಲಾದ ಕಡೆ ಬೋರ್ಡು, ಮೊಹರು, ಲೆಟರ್‌ಹೆಡ್ಡುಗಳ ಜೊತೆಗೆ ಜಾಲಪುಟಗಳೂ ಬದಲಾಗಬೇಕಾಗುತ್ತದೆ. ವಿಳಾಸವೂ ಬದಲಾದರೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ದಾಟಿಸುವ ಏರ್ಪಾಟು ಬೇಕು. ಆ ದಾಟಿಸುವಿಕೆಗೇ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಮನೆಗೆ ಸುಣ್ಣ ಬಣ್ಣ ಬಳಿಯಲು ಹೇಗೂ ಏಣಿ ಹಾಕಿದಾಗ ಹೆಂಚು ಸರಿಪಡಿಸುವುದು ನಮ್ಮಲ್ಲಿ ರೂಢಿ. ಪುಟಗಳಿಗೂ ಅದೇ ನ್ಯಾಯ ಸಲ್ಲಲಿ.

ಒಂದು ಪುಟ ಪರದೆಯ ಮೇಲೆ ಮೂಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪುಟದಲ್ಲಿ ಎರಡು ಸಂಗತಿಗಳಿವೆ. ಒಂದು ವಿಷಯ: ಶೀರ್ಷಿಕೆ, ಸಾಲು, ಗುಂಡಿ, ಅರ್ಜಿಯ ಕಟ್ಟುಗಳು. ಇದನ್ನು ಎಚ್‌ಟಿಎಂಎಲ್‌ನಲ್ಲಿ ಬರೆಯುತ್ತಾರೆ. ಇನ್ನೊಂದು ವೇಷ: ಅಕ್ಷರ ಎಷ್ಟು ದೊಡ್ಡದು, ಯಾವ ಬಣ್ಣ, ಯಾವುದರ ಪಕ್ಕ ಯಾವುದು. ಇದು ಸಿಎಸ್‌ಎಸ್. ವಿಷಯವನ್ನೂ ವೇಷವನ್ನೂ ಬೇರೆ ಇಡಬೇಕು ಎಂಬ ಆಲೋಚನೆಯನ್ನು ಹೋಕನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟರು, 1996ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಮಾನ್ಯವಾಯಿತು. ಒಳ್ಳೆಯ ಆಲೋಚನೆಯೇ. ನೂರು ಪುಟಗಳಿದ್ದರೂ ವೇಷದ ಕಡತ ಒಂದೇ, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಆದರೆ ಬೇರೆ ಇಟ್ಟದ್ದನ್ನು ಬೇರೆಯಾಗಿಯೇ ತರಿಸಬೇಕು. ವೇಷ ಗೊತ್ತಾಗದೆ ವಿಷಯ ತೋರಿಸಿದರೆ ಪುಟ ಮೊದಲು ಒಂದು ರೀತಿ ಕಂಡು, ಮರುಕ್ಷಣ ಜಿಗಿದು ಇನ್ನೊಂದು ರೀತಿ ಆಗುತ್ತದೆ. ಓದುವವರ ಕಣ್ಣು ಕುಕ್ಕುತ್ತದೆ. ಅದಕ್ಕೇ ಬ್ರೌಸರುಗಳು ಒಂದು ನಿಯಮ ಪಾಲಿಸುತ್ತವೆ: ಪುಟದ ತಲೆಭಾಗದಲ್ಲಿ ಹೆಸರಿಸಿದ ಸಿಎಸ್‌ಎಸ್ ಕಡತಗಳೆಲ್ಲ ಬಂದು ಓದಿ ಮುಗಿಯುವವರೆಗೆ ಒಂದಕ್ಷರವನ್ನೂ ತೋರಿಸುವುದಿಲ್ಲ. ಮೂರು ಕಡತಗಳಿದ್ದು ಎರಡು ಬಂದರೂ ಪರದೆ ಬಿಳಿಯೇ.

ಇದರ ಲೆಕ್ಕ ಹಾಕಿ ನೋಡಿದರೆ ಸಂಗತಿ ಇನ್ನೂ ಚೆನ್ನಾಗಿ ಮನವರಿಕೆಯಾಗುತ್ತದೆ. ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನಿನಿಂದ ಸರ್ವರಿಗೆ ಹೋಗಿ ಉತ್ತರ ಬರಲು ಒಂದು ಸುತ್ತಿಗೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ, ಅಂದರೆ 300 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಪುಟದ ಹೆಸರಿನಿಂದ ಸರ್ವರಿನ ಅಂಕಿ ವಿಳಾಸ ಹುಡುಕಲು ಒಂದು ಸುತ್ತು, ಸಂಪರ್ಕ ಕಟ್ಟಿಕೊಳ್ಳಲು ಒಂದು, ಗೋಪ್ಯ ಸಂಕೇತ ಒಪ್ಪಂದಕ್ಕೆ ಕಡಿಮೆಯೆಂದರೆ ಒಂದು, ಪುಟ ಕೇಳಿ ಪಡೆಯಲು ಒಂದು. ಅಲ್ಲಿಗೆ 1.2 ಸೆಕೆಂಡು. ವಿಷಯ ಕೈಸೇರಿತು. ಈಗ ಬ್ರೌಸರು ಪುಟ ಓದುತ್ತಾ ಹೋಗಿ, ಅಕ್ಷರಶೈಲಿಗೆ ಸಂಬಂಧಿಸಿದ ಸಿಎಸ್‌ಎಸ್ ಕಡತ ಇನ್ಯಾವುದೋ ಊರಿನ ಬೇರೊಂದು ಸರ್ವರಿನಲ್ಲಿದೆ ಎಂದು ಕಂಡುಕೊಳ್ಳುತ್ತದೆ. ಮತ್ತೆ ಅದೇ ನಾಲ್ಕು ಸುತ್ತು: 2.4 ಸೆಕೆಂಡು. ಆ ಕಡತದೊಳಗೆ ಅಕ್ಷರಗಳ ಫಾಂಟು ಮೂರನೆಯ ಕಡೆ ಇದೆ ಎಂದು ಬರೆದಿದ್ದರೆ ಇನ್ನೂ ನಾಲ್ಕು: 3.6. ಹಳೆಯ ವಿಳಾಸದಿಂದ ಹೊಸದಕ್ಕೆ ದಾಟಿ ಬಂದಿದ್ದರೆ ಆರಂಭದಲ್ಲೇ 1.2 ಸೇರಿಸಿಕೊಳ್ಳಿ: 4.8 ಸೆಕೆಂಡು. ನಡುವೆ ಒಂದು ತುಣುಕು ದಾರಿಯಲ್ಲಿ ಕಳೆದುಹೋದರೆ, ದುರ್ಬಲ ಸಿಗ್ನಲ್‌ನಲ್ಲಿ ಅದು ಆಗುತ್ತಲೇ ಇರುತ್ತದೆ, ಲೆಕ್ಕ ಇನ್ನೂ ಮೇಲೇರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು ಎಂದು 2020ರಲ್ಲಿ ಗೂಗಲ್ ಇಟ್ಟ ಅಳತೆಗೋಲನ್ನು ಜಗತ್ತಿನ ಪುಟ ಕಟ್ಟುವವರು ಬಳಸುತ್ತಿದ್ದಾರೆ. ನಮ್ಮ ಲೆಕ್ಕದ ಪುಟ ಅದರ ಹತ್ತಿರಕ್ಕೂ ಬರುವುದಿಲ್ಲ. ವಿಷಯ ಮಾತ್ರ ಅರ್ಧ ಹೊತ್ತಿಗೇ ಫೋನಿನೊಳಗೆ ಬಂದು ಕಾದಿತ್ತು ಎಂಬುದನ್ನು ಮರೆಯಬಾರದು.

ಪರಿಹಾರ ಸರಳ. ಪುಟ ತೆರೆದಾಗ ಮೇಲಿನ ಮೊದಲ ಪರದೆಯಲ್ಲಿ ಕಾಣುವುದು ಏನೇನು? ಇಲಾಖೆಯ ಹೆಸರು, ಭಾಷೆ ಬದಲಿಸುವ ಗುಂಡಿ, ಒಂದು ಹುಡುಕು ಪೆಟ್ಟಿಗೆ, ನಾಲ್ಕು ಕೊಂಡಿಗಳು. ಇಷ್ಟಕ್ಕೆ ಬೇಕಾದ ಸಿಎಸ್‌ಎಸ್ ಬಹಳ ಸ್ವಲ್ಪ, ಕೆಲವು ಕಿಲೋಬೈಟು. ಅಷ್ಟನ್ನು ಆರಿಸಿ ಪುಟದ ತಲೆಯಲ್ಲೇ ಬರೆದುಬಿಡುವುದು. ಕೆಳಗಿನ ಭಾಗಗಳಿಗೆ ಬೇಕಾದ ಉಳಿದ ದೊಡ್ಡ ಕಡತವನ್ನು ಪುಟದ ಕೊನೆಯಲ್ಲಿ ಹೆಸರಿಸುವುದು, ಅದು ಹಿಂದಿನಿಂದ ತನ್ನ ಪಾಡಿಗೆ ಬರಲಿ. ವೇಷವೂ ವಿಷಯವೂ ಒಂದೇ ಗಾಡಿಯಲ್ಲಿ ಬಂದಿರುವುದರಿಂದ ಬ್ರೌಸರು ಯಾರಿಗೂ ಕಾಯಬೇಕಿಲ್ಲ, 1.2 ಸೆಕೆಂಡಿಗೆ ಪರದೆ ತುಂಬುತ್ತದೆ. ಇದನ್ನೇ ಕ್ರಿಟಿಕಲ್ ಸಿಎಸ್‌ಎಸ್ ಅನ್ನು ಇನ್‌ಲೈನ್ ಮಾಡುವುದು ಎನ್ನುತ್ತಾರೆ. ಚನ್ನಪಟ್ಟಣದ ಗೊಂಬೆ ಕೆಲಸ ನೋಡಿದವರಿಗೆ ಇದು ಹೊಸದೆನಿಸದು. ಅಲ್ಲಿ ಆಲೆ ಮರದ ತುಂಡನ್ನು ಕಡೆತದ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ಆಕಾರ ಬಂದ ಮೇಲೆ ಅದನ್ನು ಬಿಚ್ಚಿ ಬಣ್ಣಕ್ಕೆಂದು ಬೇರೆಲ್ಲಿಗೋ ಕಳಿಸುವುದಿಲ್ಲ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಯಂತ್ರದಿಂದ ಇಳಿಯುವಾಗ ಗೊಂಬೆಗೆ ಬಣ್ಣ ಬಂದಾಗಿರುತ್ತದೆ. ಪುಟವೂ ಸರ್ವರಿನಿಂದ ಹೊರಡುವಾಗಲೇ ಹಾಗೆ ಬಣ್ಣ ಹೊತ್ತು ಹೊರಡಬೇಕು.

ಎಷ್ಟು ತುಂಬಿ ಕಳಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ, ಮತ್ತು ಕನ್ನಡದ ಮಟ್ಟಿಗೆ ಆ ಮಿತಿ ಮುಖ್ಯವಾದದ್ದು. ಹೊಸ ಸಂಪರ್ಕದಲ್ಲಿ ಸರ್ವರು ದಾರಿಯ ಅಗಲ ಗೊತ್ತಿಲ್ಲದೆ ಎಲ್ಲವನ್ನೂ ಒಟ್ಟಿಗೆ ಸುರಿಯುವುದಿಲ್ಲ. 2013ರಲ್ಲಿ ಒಪ್ಪಿದ ರೂಢಿಯಂತೆ ಮೊದಲ ಸುತ್ತಿಗೆ ಹತ್ತು ಪೊಟ್ಟಣ, ಒಂದೊಂದರಲ್ಲಿ 1,460 ಬೈಟು, ಒಟ್ಟು 14 ಕಿಲೋಬೈಟಿನ ಆಸುಪಾಸು ಕಳಿಸಿ, ಸರಿಯಾಗಿ ತಲುಪಿತು ಎಂಬ ಉತ್ತರ ಬಂದ ಮೇಲೆ ಮುಂದಿನ ಸುತ್ತಿಗೆ ಹೆಚ್ಚು ಕಳಿಸುತ್ತದೆ. ಆ ಮೊದಲ ಹತ್ತು ಪೊಟ್ಟಣಗಳೊಳಗೆ ಮೊದಲ ಪರದೆ ಹಿಡಿಸಬೇಕು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು. ‘ಚನ್ನಪಟ್ಟಣ’ ಎಂಬ ಪದ ಕಣ್ಣಿಗೆ ಐದೇ ಅಕ್ಷರ. ಒತ್ತಕ್ಷರಗಳನ್ನು ಬಿಡಿಸಿದರೆ ಒಂಬತ್ತು ಚಿಹ್ನೆ, 27 ಬೈಟು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು. ಕಡತವನ್ನು ಕುಗ್ಗಿಸಿ ಕಳಿಸುವ ಜಿಜಿಪ್ ವಿಧಾನ ಬಳಸಿದರೆ ಈ ಅಂತರ ಬಹಳಷ್ಟು ಇಳಿಯುತ್ತದೆ, ಏಕೆಂದರೆ ಕನ್ನಡ ಚಿಹ್ನೆಗಳ ಮೂರು ಬೈಟಿನಲ್ಲಿ ಮೊದಲೆರಡು ಮತ್ತೆ ಮತ್ತೆ ಅವೇ ಬರುತ್ತವೆ. ಆದರೂ ಕನ್ನಡ ಪುಟ ಕಟ್ಟುವವರಿಗೆ ಇಂಗ್ಲಿಷ್ ಪುಟ ಕಟ್ಟುವವರಷ್ಟು ಸಡಿಲ ಇಲ್ಲ. ಇಂಗ್ಲಿಷಿಗೆಂದು ಮಾಡಿದ ಅಚ್ಚಿನಲ್ಲಿ ಕನ್ನಡ ಸುರಿದು ಕೈತೊಳೆದುಕೊಂಡರೆ, ಮಿತಿ ದಾಟುವುದು ಕನ್ನಡ ಪುಟವೇ, ಕಾಯುವುದು ಕನ್ನಡದ ಓದುಗರೇ. ಒಂದು ಹೋಲಿಕೆ ಕೊಡುವುದಾದರೆ, ಜಗತ್ತಿನಾದ್ಯಂತ ಬಳಸುವ ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಸಿಎಸ್‌ಎಸ್‌ನ ಈಚಿನ ಪೂರ್ಣ ಕಡತ 200 ಕಿಲೋಬೈಟು ದಾಟುತ್ತದೆ, ಕುಗ್ಗಿಸಿದರೂ ಸುಮಾರು 30. ಅದರ ಬಹುಪಾಲನ್ನು ಸಾಮಾನ್ಯ ಪುಟವೊಂದು ಮುಟ್ಟುವುದೇ ಇಲ್ಲ. ಹೀಗಿದ್ದೂ ಅದು ಪೂರ್ತಿ ಇಳಿದ ಮೇಲೆಯೇ ‘ಚನ್ನಪಟ್ಟಣ’ದ ಆ 27 ಬೈಟುಗಳಿಗೆ ಪರದೆಯ ಮೇಲೆ ಬರಲು ಅನುಮತಿ.

ಇದು ಯಾರೋ ಒಬ್ಬಿಬ್ಬರ ಹವ್ಯಾಸದ ಪ್ರಯೋಗವಲ್ಲ. ಗೂಗಲ್ 2010ರಲ್ಲಿ ಹೊರತಂದ ಮಾಡ್-ಪೇಜ್‌ಸ್ಪೀಡ್ ಎಂಬ ಸರ್ವರ್ ಸಲಕರಣೆಗೆ ಮುಂದೆ ಈ ಕೆಲಸವನ್ನು ತಾನೇ ಮಾಡುವ ಸೌಲಭ್ಯ ಸೇರಿತು. ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆ ಹತ್ತು ವರ್ಷಕ್ಕೂ ಹಿಂದೆಯೇ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟುವಾಗ ಸುದ್ದಿಯ ಮೊದಲ ಸಾಲುಗಳಿಗೆ ಬೇಕಾದ ಸಿಎಸ್‌ಎಸ್ ಅನ್ನು ಪುಟದೊಳಗೇ ಇಟ್ಟಿತು. ಮೊಬೈಲಿನಲ್ಲಿ ಪುಟ ಬೇಗ ತೆರೆಯಲೆಂದು 2015ರಲ್ಲಿ ಬಂದ ಎಎಂಪಿ ಪದ್ಧತಿ ಇನ್ನೂ ಕಟ್ಟುನಿಟ್ಟು: ಪುಟದ ಸಿಎಸ್‌ಎಸ್ ಎಲ್ಲವೂ ಒಳಗೇ ಇರಬೇಕು, 50 ಕಿಲೋಬೈಟು ಮೀರಬಾರದು ಎಂದಿತು, ಆಮೇಲೆ 75ಕ್ಕೆ ಏರಿಸಿತು. ನಮ್ಮ ದೇಶದ ಪತ್ರಿಕೆಗಳೂ ಅದನ್ನು ಬಳಸಿದವು. ಎಎಂಪಿಯ ಇತರ ನಿರ್ಬಂಧಗಳ ಬಗ್ಗೆ ತಕರಾರುಗಳಿದ್ದವು, ಅವು ನ್ಯಾಯವಾದವೇ. ಆದರೆ ಆ ಪುಟಗಳು ಥಟ್ಟನೆ ತೆರೆಯುತ್ತಿದ್ದವು ಎಂಬುದನ್ನು ಅದರ ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಹೆಸರು ಬದಲಾದ ಈ ಜಿಲ್ಲೆಯ ಐದು ತಾಲ್ಲೂಕುಗಳನ್ನೇ ನಾನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕಾರಣ ಇಲ್ಲಿ ನೆಟ್‌ವರ್ಕ್ ಚಿಂತೆ ಇಲ್ಲವೆಂದು ದೂರದವರು ಭಾವಿಸುತ್ತಾರೆ. ಬಿಡದಿಯಿಂದ ಚನ್ನಪಟ್ಟಣದವರೆಗೆ ಮೈಸೂರು ಹೆದ್ದಾರಿ ಹಿಡಿದು ಹೋದರೆ ಆ ಮಾತು ನಿಜವೆನಿಸಲೂಬಹುದು. ಹೆದ್ದಾರಿ ಬಿಟ್ಟು ಒಳಗೆ ಸರಿದರೆ ಇದು ಬಂಡೆಗಳ ನಾಡು. ರಾಮದೇವರ ಬೆಟ್ಟದ ಸಾಲು, ಮಾಗಡಿಯ ಸಾವನದುರ್ಗ, ಕನಕಪುರದ ಕಬ್ಬಾಳು, ಅಲ್ಲಿಂದ ದಕ್ಷಿಣಕ್ಕೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದವರೆಗೆ ಕಾಡು. ರೇಡಿಯೊ ಅಲೆ ಬಂಡೆಯನ್ನು ತೂರಿಕೊಂಡು ಬರುವುದಿಲ್ಲ. ಬೆಟ್ಟದ ಈ ಮಗ್ಗುಲಿನ ಹಳ್ಳಿಗೆ ನಾಲ್ಕು ಕಡ್ಡಿ ಸಿಗ್ನಲ್ ಇದ್ದರೆ ಆ ಮಗ್ಗುಲಿಗೆ ಒಂದೇ. ಇಲ್ಲಿಯ ಬದುಕಿಗೆ ಗಡಿಯಾರದ ಅವಸರವೂ ಇದೆ. ರೇಷ್ಮೆ ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ತಡಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ನೂಲು ತೆಗೆಯಲಾಗದು. ಏಷ್ಯಾದಲ್ಲೇ ದೊಡ್ಡದೆನಿಸಿದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಈಗ ಇ-ಹರಾಜು ನಡೆಯುತ್ತದೆ. ದ್ವಿತಳಿಗೆ ಇವತ್ತು ಎಷ್ಟು ಹೋಯಿತು, ಮಿಶ್ರತಳಿಗೆ ಎಷ್ಟು ಎಂದು ಹೊರಡುವ ಮುಂಚೆ ತಿಳಿಯಬೇಕೆನ್ನುವ ರೈತರಿಗೆ ಬೇಕಾದದ್ದು ಎರಡು ಅಂಕಿ. ಎರಡು ಅಂಕಿಯ ತೂಕ ಹತ್ತು ಬೈಟೂ ಇಲ್ಲ. ಅವು ಮೊದಲ ಪೊಟ್ಟಣದಲ್ಲೇ ಬಂದು, ಮೊದಲ ಕ್ಷಣದಲ್ಲೇ ಕಾಣಿಸಬೇಕು. ಗೊಂಬೆ ಮಾರುವವರ ಕಥೆ ಇನ್ನೂ ನೇರ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಇದೆ, ಹೆಸರು ಜಗತ್ತಿಗೆ ಗೊತ್ತು. ದೊಡ್ಡ ಆನ್‌ಲೈನ್ ಮಳಿಗೆಗೆ ಕಮಿಷನ್ ಕೊಡದೆ ತನ್ನದೇ ಪುಟದಲ್ಲಿ ಮಾರಲು ಹೊರಟ ಕುಶಲಕರ್ಮಿಯ ಪುಟ ತೆರೆಯಲು ಐದು ಸೆಕೆಂಡು ಹಿಡಿದರೆ ಗಿರಾಕಿ ಆ ದೊಡ್ಡ ಮಳಿಗೆಗೇ ಮರಳುತ್ತಾರೆ.

ಆಕ್ಷೇಪಗಳಿಗೆ ಬರೋಣ. 5ಜಿ ಬಂದಿದೆ, ಇನ್ನೇಕೆ ಕಿಲೋಬೈಟು ಎಣಿಸುವುದು ಎನ್ನುವವರಿದ್ದಾರೆ. ಹೆಚ್ಚು ವೇಗದ ನೆಟ್‌ವರ್ಕು ಕೊಳವೆಯ ಅಗಲವನ್ನು ಮುಖ್ಯವಾಗಿ ಹೆಚ್ಚಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೊತ್ತು ತಿಂದದ್ದು ಅಗಲವಲ್ಲ, ಸುತ್ತುಗಳ ಸಂಖ್ಯೆ. ಹತ್ತು ಬೈಟಿನ ಕಡತಕ್ಕೂ ಹತ್ತು ಮೆಗಾಬೈಟಿನ ಕಡತಕ್ಕೂ ಮೊದಲು ಹೋಗಿಬರುವ ಸುತ್ತು ಒಂದೇ. ಅಲೆ ತಲುಪದ ಕಡೆ ಅದು ಎಷ್ಟನೆಯ ತಲೆಮಾರಿನ ಅಲೆ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ. ಎಚ್‌ಟಿಟಿಪಿ-2 ಬಂದ ಮೇಲೆ ಸರ್ವರೇ ಕೇಳುವ ಮೊದಲು ಕಡತ ತಳ್ಳಬಲ್ಲದು ಎಂಬ ಇನ್ನೊಂದು ಮಾತಿತ್ತು. ಆ ತಳ್ಳುವಿಕೆ ಅಂದುಕೊಂಡಷ್ಟು ಕೆಲಸಕ್ಕೆ ಬರದೆ 2022ರಲ್ಲಿ ಕ್ರೋಮ್ ಅದನ್ನು ಕೈಬಿಟ್ಟಿತು.

ಕ್ಯಾಶ್ ಬಗೆಗಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ಸಿಎಸ್‌ಎಸ್ ಬೇರೆ ಕಡತವಾಗಿದ್ದರೆ ಮೊದಲ ಸಲ ಇಳಿದದ್ದು ಫೋನಿನಲ್ಲೇ, ಕ್ಯಾಶ್ ಎಂಬ ಜಾಗದಲ್ಲಿ ಉಳಿಯುತ್ತದೆ, ಎರಡನೆಯ ಪುಟಕ್ಕೆ ಮತ್ತೆ ತರಿಸಬೇಕಿಲ್ಲ. ಪುಟದೊಳಗೆ ಬರೆದರೆ ಪ್ರತಿ ಪುಟದ ಜೊತೆಗೂ ಅದೇ ಸಾಲುಗಳು ಮತ್ತೆ ಮತ್ತೆ ಬರುತ್ತವೆ, ಇದು ಪೋಲಲ್ಲವೇ? ಪೋಲು ಹೌದು, ಆದರೆ ಯಾರ ಪೋಲು, ಎಷ್ಟು ಪೋಲು ಎಂದು ಕೇಳಬೇಕು. ದಿನಕ್ಕೆ ಹತ್ತು ಸಲ ತೆರೆಯುವ ಬ್ಯಾಂಕಿನ ಪುಟಕ್ಕೆ ಈ ವಾದ ಒಪ್ಪುತ್ತದೆ, ಅಲ್ಲಿ ನನ್ನ ಸಲಹೆಯ ಲಾಭ ಕಡಿಮೆ. ಪಹಣಿಯ ಪುಟಕ್ಕೆ ರೈತ ಕುಟುಂಬವೊಂದು ಬರುವುದು ಬೆಳೆ ಸಾಲಕ್ಕೆ, ವಿಮೆಗೆ, ಪೋಡಿಗೆ, ಮ್ಯುಟೇಷನ್ ಆಯಿತೇ ಎಂದು ನೋಡಲಿಕ್ಕೆ. ಎರಡು ಭೇಟಿಗಳ ನಡುವೆ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಜಾಗ ಕಡಿಮೆ ಇರುವ ಫೋನು ಹಳೆಯ ಕಡತಗಳನ್ನು ಅಳಿಸಿರುತ್ತದೆ, ಇಲ್ಲವೇ ಇಲಾಖೆಯೇ ಕಡತ ಬದಲಿಸಿರುತ್ತದೆ. ಹಾಗಾಗಿ ಸಾರ್ವಜನಿಕ ಸೇವೆಯ ಪುಟಕ್ಕೆ ಬಹುಪಾಲು ಭೇಟಿಗಳೂ ಮೊದಲ ಭೇಟಿಯ ಹಾಗೆಯೇ. ಜನಪ್ರಿಯ ಸಿಎಸ್‌ಎಸ್ ಅನ್ನು ಎಲ್ಲ ತಾಣಗಳೂ ಒಂದೇ ಜಾಗದಿಂದ ತರಿಸಿದರೆ ಒಂದು ತಾಣಕ್ಕೆ ಇಳಿದದ್ದು ಇನ್ನೊಂದಕ್ಕೂ ಆಗಿಬರುತ್ತದೆ ಎಂಬ ಹಳೆಯ ಸಮಾಧಾನವೂ ಈಗ ಉಳಿದಿಲ್ಲ. ಒಂದು ತಾಣದ ಕ್ಯಾಶ್ ನೋಡಿ ಇನ್ನೊಂದು ತಾಣ ಜನರ ಜಾಡು ಹಿಡಿಯಬಾರದೆಂದು 2020ರಿಂದ ಕ್ರೋಮ್ ಪ್ರತಿ ತಾಣದ ಕ್ಯಾಶ್ ಅನ್ನು ಬೇರೆ ಬೇರೆ ಇಡುತ್ತದೆ, ಸಫಾರಿ ಅದಕ್ಕೂ ಮೊದಲೇ ಹಾಗೆ ಮಾಡಿತ್ತು. ಇಷ್ಟಕ್ಕೂ ಪುಟದೊಳಗೆ ಬರೆಯಬೇಕೆನ್ನುತ್ತಿರುವುದು ಮೊದಲ ಪರದೆಯ ಕೆಲವು ಕಿಲೋಬೈಟು ಮಾತ್ರ. ದೊಡ್ಡ ಕಡತ ಆಗಲೂ ಬೇರೆಯಾಗಿಯೇ ಬರುತ್ತದೆ, ಕ್ಯಾಶಿನಲ್ಲಿ ಕೂರುತ್ತದೆ.

ಸರ್ಕಾರಿ ತಾಣಗಳ ಮಟ್ಟಿಗೆ ನಿಜವಾದ ತೊಡಕು ಭದ್ರತೆಯದು. ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ ಎಂಬ ಕಾವಲಿನ ನಿಯಮ ಬಿಗಿಯಾಗಿದ್ದರೆ, ಪುಟದೊಳಗೆ ನೇರವಾಗಿ ಬರೆದ ಸಿಎಸ್‌ಎಸ್ ಅನ್ನು ಬ್ರೌಸರು ತಿರಸ್ಕರಿಸುತ್ತದೆ. ಹೊರಗಿನವರು ಪುಟದೊಳಗೆ ಏನನ್ನೋ ತುರುಕಿದಾಗ ಅದು ಜಾರಿಗೆ ಬರಬಾರದೆಂದು ಈ ಕಾವಲು. ಇದನ್ನು ಸಡಿಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಜನರ ಜಮೀನು, ಆಧಾರ್, ಬ್ಯಾಂಕ್ ವಿವರಗಳಿರುವ ಕಡೆ ಒಂದು ಸೆಕೆಂಡಿನ ಆಸೆಗೆ ಬೀಗ ತೆಗೆದಿಡುವುದು ತಪ್ಪು. ಆದರೆ ಬೀಗ ತೆಗೆಯದೆ ಒಳಹೋಗುವ ದಾರಿ ಅದೇ ನಿಯಮದಲ್ಲಿದೆ. ಪುಟದೊಳಗಿನ ಸಿಎಸ್‌ಎಸ್‌ನ ಬೆರಳಚ್ಚನ್ನು, ಅಂದರೆ ಅದರಿಂದಲೇ ಲೆಕ್ಕ ಹಾಕಿ ಪಡೆದ ಹ್ಯಾಶ್ ಅನ್ನು, ನಿಯಮದಲ್ಲಿ ನಮೂದಿಸಿದರೆ ಬ್ರೌಸರು ಎರಡನ್ನೂ ತಾಳೆ ನೋಡಿ ಒಪ್ಪುತ್ತದೆ. ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬದಲಾಗಿ ಬಾಗಿಲು ಮುಚ್ಚುತ್ತದೆ. ‘ಇನ್‌ಲೈನ್ ಬೇಡ’ ಎಂದು ಲೆಕ್ಕಪರಿಶೋಧನೆಯಲ್ಲಿ ಒಂದು ಸಾಲು ಬರೆದು ಮುಗಿಸುವ ಬದಲು, ಹ್ಯಾಶ್ ಇದೆಯೇ ಎಂದು ನೋಡುವ ಸಾಲು ಅಲ್ಲಿರಬೇಕು.

ನಿರ್ವಹಣೆಯ ಕಷ್ಟವನ್ನು ಹೇಳುವವರೂ ಸುಮ್ಮನೆ ಹೇಳುವುದಿಲ್ಲ. ಇವತ್ತು ಆರಿಸಿ ಒಳಗಿಟ್ಟ ಸಾಲುಗಳು, ನಾಳೆ ವಿನ್ಯಾಸ ಬದಲಾದಾಗ ಹಳಸುತ್ತವೆ. ಪುಟ ಒಂದು ವೇಷದಲ್ಲಿ ಕಂಡು, ದೊಡ್ಡ ಕಡತ ಬಂದಾಗ ಇನ್ನೊಂದಕ್ಕೆ ಜಿಗಿಯುತ್ತದೆ. ಕೈಯಿಂದ ಆರಿಸಲು ಹೊರಟರೆ ಇದು ಆಗಿಯೇ ಆಗುತ್ತದೆ. ಆದ್ದರಿಂದ ಕೈಯಿಂದ ಆರಿಸಬಾರದು. ಆಡಿ ಒಸ್ಮಾನಿಯವರ ‘ಕ್ರಿಟಿಕಲ್’, ಅದರ ಜೊತೆಗಿನ ‘ಪೆಂಟ್‌ಹೌಸ್’ ಮುಂತಾದ ಉಚಿತ ಸಲಕರಣೆಗಳು ಪುಟವನ್ನು ತಾವೇ ತೆರೆದು, ಮೊದಲ ಪರದೆಗೆ ಯಾವ ಸಾಲು ಬೇಕಾಯಿತೆಂದು ಲೆಕ್ಕ ಹಾಕಿ ತೆಗೆದುಕೊಡುತ್ತವೆ. ಪುಟ ಹೊರಬಿಡುವ ಪ್ರತಿ ಸಲವೂ ಇದು ತಾನಾಗಿ ನಡೆಯುವಂತೆ ಒಮ್ಮೆ ಕೂಡಿಸಿಟ್ಟರೆ ಆಯಿತು. ಒಂದು ಜಿಲ್ಲಾಡಳಿತಕ್ಕೆ ಇದು ದೊಡ್ಡ ಮಾತಲ್ಲ. ಐದು ಪುಟದ ಗೊಂಬೆ ಅಂಗಡಿಗೆ ಮಾತ್ರ ಇಷ್ಟೂ ಬೇಡ. ಅವರಿಗೆ ನನ್ನ ಮಾತು ಬೇರೆ: ಯಾವುದು ಅತ್ಯಗತ್ಯ ಎಂದು ಆರಿಸುತ್ತಾ ಕೂರದೆ, ಸಿಎಸ್‌ಎಸ್ ಒಟ್ಟನ್ನೇ ಎಂಟು ಹತ್ತು ಕಿಲೋಬೈಟಿಗೆ ಇಳಿಸಿ ಪೂರ್ತಿ ಒಳಗೇ ಇಟ್ಟುಬಿಡಿ. ಸಿದ್ಧ ಅಚ್ಚಿನ ಇನ್ನೂರು ಕಿಲೋಬೈಟಿನ ಬದಲು ತನ್ನ ಅಂಗಡಿಗೆ ಬೇಕಾದಷ್ಟನ್ನೇ ಬರೆದ ಪುಟ, ಸಲಕರಣೆಗಳ ಸಹಾಯದಿಂದ ಹಗುರಾದ ಪುಟಕ್ಕಿಂತ ಯಾವಾಗಲೂ ಮೇಲು.

‘ಇದೆಲ್ಲ ಸಣ್ಣಪುಟ್ಟ ತೇಪೆ, ಸರ್ವರೇ ಬಿದ್ದಾಗ ಏನು ಮಾಡುತ್ತೀರಿ?’ ಎಂಬುದು ಕೊನೆಯ ಪ್ರಶ್ನೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಂಗಸರು ಸಾಲುಗಟ್ಟಿ ಕಾದದ್ದನ್ನು ರಾಜ್ಯ ನೋಡಿದೆ. ಅಂಥ ಹೊರೆಗೆ ಬೇಕಾದದ್ದು ಸರ್ವರಿನ ಬಲ, ಸಿಎಸ್‌ಎಸ್ ಅಲ್ಲ. ಒಪ್ಪುತ್ತೇನೆ. ಆದರೆ ಎರಡಕ್ಕೂ ನಂಟಿದೆ. ಬಿಳಿ ಪರದೆ ಕಂಡವರು ಸುಮ್ಮನೆ ಕೂರುವುದಿಲ್ಲ. ಕೆಳಕ್ಕೆ ಎಳೆದು ಮತ್ತೆ ತರಿಸುತ್ತಾರೆ, ಮುಚ್ಚಿ ತೆರೆಯುತ್ತಾರೆ, ಪಕ್ಕದವರ ಫೋನಿನಲ್ಲೂ ಹಾಕಿ ನೋಡುತ್ತಾರೆ. ಒಂದೊಂದು ಸಲವೂ ಸರ್ವರಿನ ಮೇಲೆ ಹೊಸ ಕೋರಿಕೆ. ‘ನಿಮ್ಮ ಕೋರಿಕೆ ಬಂದಿದೆ, ಹೊರೆ ಹೆಚ್ಚಿದೆ, ಕಾಯಿರಿ’ ಎಂಬ ಒಂದು ಸಾಲು ಕನ್ನಡದಲ್ಲಿ ಕೂಡಲೇ ಕಂಡರೆ ಜನ ಕಾಯುತ್ತಾರೆ. ನಮ್ಮ ಜನಕ್ಕೆ ಕಾಯುವುದು ಗೊತ್ತು. ಏನಾಗುತ್ತಿದೆ ಎಂದು ತಿಳಿಯದೆ ಕಾಯುವುದು ಕಷ್ಟ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅದು ದೇಶಕ್ಕೇ ಮಾದರಿಯಾದದ್ದು ಯಂತ್ರದಿಂದಲ್ಲ, 15 ರೂಪಾಯಿ ಕೊಟ್ಟು ಕಿಟಕಿಯ ಮುಂದೆ ನಿಂತವರಿಗೆ ದಿನಗಟ್ಟಲೆ ಅಲೆದಾಟ ತಪ್ಪಿ ನಿಮಿಷಗಳಲ್ಲಿ ಕಾಗದ ಕೈಸೇರಿದ್ದರಿಂದ. ಜನರ ಹೊತ್ತು ಉಳಿಸಿದ ಆ ಕೆಲಸದ ಮುಂದುವರಿಕೆ ಈಗ ಸೆಕೆಂಡುಗಳಲ್ಲಿ ನಡೆಯಬೇಕಿದೆ.

ಇಲ್ಲೊಂದು ಸಂಗತಿ ತಂತ್ರಜ್ಞಾನವನ್ನು ದಾಟಿ ನಮ್ಮ ಆದ್ಯತೆಗೆ ಬಂದು ನಿಲ್ಲುತ್ತದೆ. ಮೊದಲ ಪರದೆಗೆ ಬೇಕಾದದ್ದನ್ನು ಸಲಕರಣೆ ಆರಿಸಬಲ್ಲದು, ಮೊದಲ ಪರದೆಯಲ್ಲಿ ಏನಿರಬೇಕೆಂದು ಅದು ಹೇಳಲಾರದು. ಅಲ್ಲಿ ನಾಯಕರ ದೊಡ್ಡ ಚಿತ್ರಗಳು, ಜಾರುವ ಬ್ಯಾನರುಗಳು, ಓಡುವ ಸಾಲುಗಳು ತುಂಬಿದ್ದರೆ ಆ 14 ಕಿಲೋಬೈಟು ಅವುಗಳ ಸಿಂಗಾರಕ್ಕೇ ಮುಗಿಯುತ್ತದೆ. ಜನ ಬಂದದ್ದು ಸರ್ವೆ ನಂಬರ್ ಹಾಕುವ ಪೆಟ್ಟಿಗೆಗೆ. ಅದು ಮೇಲೆ ಬರಲಿ, ಚಿತ್ರಗಳು ಕೆಳಗಿಳಿಯಲಿ. ಅಕ್ಷರಶೈಲಿಯ ವಿಷಯದಲ್ಲೂ ಒಂದು ಮಾತು. ಕನ್ನಡದ ಒತ್ತು, ಕಾಗುಣಿತಗಳನ್ನೆಲ್ಲ ಹೊತ್ತ ಫಾಂಟು ಭಾರವಾಗಿಯೇ ಇರುತ್ತದೆ, ಅದು ಬರುವವರೆಗೆ ಹಲವು ಬ್ರೌಸರುಗಳು ಮೂರು ಸೆಕೆಂಡಿನವರೆಗೆ ಅಕ್ಷರಗಳನ್ನು ಅಡಗಿಸಿಡುತ್ತವೆ. ಇವತ್ತಿನ ಫೋನುಗಳಲ್ಲಿ ಓದಲು ಬರುವ ಕನ್ನಡ ಲಿಪಿ ಮೊದಲೇ ಇದೆ. ಫೋನಿನಲ್ಲಿರುವ ಕನ್ನಡವನ್ನು ಬಳಸಿ ಎಂದು ಒಂದು ಸಾಲು ಬರೆದರೆ ಆ ಭಾರವೇ ಇಲ್ಲ. ಸೊಗಸಿಗೆ ಬೇರೆ ಲಿಪಿ ಬೇಕೇ ಬೇಕೆಂದರೆ, ಮೊದಲು ಇದ್ದದ್ದರಲ್ಲಿ ತೋರಿಸಿ ಆಮೇಲೆ ಬದಲಿಸಿಕೊಳ್ಳಿ.

ಕೇಂದ್ರ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಬಂದು, 2023ರಲ್ಲಿ ಅದರ ಮೂರನೆಯ ಆವೃತ್ತಿ ಹೊರಬಂದಿದೆ. ಅದರ ಜೊತೆಗೆ ರಾಜ್ಯ, ಜಿಲ್ಲೆ, ತಾಲ್ಲೂಕುಗಳೂ ಟೆಂಡರಿನಲ್ಲಿ ತಮ್ಮದೇ ಷರತ್ತು ಸೇರಿಸಲು ಮುಂದಾಗಬೇಕು. ಜಿಲ್ಲೆಯ ಹೊಸ ಹೆಸರಿನಲ್ಲಿ ಪುಟಗಳನ್ನು ಸಿದ್ಧಪಡಿಸುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಕರಾರಿನಲ್ಲಿ ಈ ಒಂದು ಷರತ್ತು ಸೇರಿಸಿ: ಕನ್ನಡ ಪುಟದ ಮೊದಲ ಪರದೆ, ತನ್ನ ಸಿಎಸ್‌ಎಸ್ ಸಮೇತ, ಕುಗ್ಗಿಸಿದ ಮೇಲೆ 14 ಕಿಲೋಬೈಟಿನೊಳಗೆ ಇರಬೇಕು, ಮತ್ತು ಅದು ಕಾಣಲು ಬೇರಾವ ಕಡತವನ್ನೂ ಕಾಯಬಾರದು. ಪುಟ ಒಪ್ಪಿಸಿಕೊಳ್ಳುವ ದಿನ ಅದನ್ನು ಕಚೇರಿಯ ವೈಫೈನಲ್ಲಿ ನೋಡಬೇಡಿ. ಸಾಧಾರಣ ಬೆಲೆಯ ಒಂದು ಫೋನು ಹಿಡಿದು ಸಾವನದುರ್ಗದ ತಪ್ಪಲಿಗೆ, ಇಲ್ಲವೇ ಸಂಗಮದ ದಾರಿಯ ಕಾಡಂಚಿನ ಒಂದು ಹಳ್ಳಿಗೆ ಹೋಗಿ ತೆರೆದು ನೋಡಿ. ಅಲ್ಲಿ ತೆರೆದರೆ ಬಿಲ್ಲಿಗೆ ಸಹಿ ಹಾಕಿ.